ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಬೆರೆತದ್ದನ್ನು ಬೇರ್ಪಡಿಸುವ ಬಗೆ

ಈ ಸಲ ಉತ್ತರಕ್ಕೆ ಆರಿಸಿಕೊಂಡ ಆರು ಪತ್ರಗಳೂ ಒಂದೇ ವಿಷಯದ ಸುತ್ತ ಇವೆ. ಬೆರೆತುಹೋದ ವಸ್ತುಗಳನ್ನು, ಅವುಗಳ ಗುಣ ಕೆಡದಂತೆ, ಮತ್ತೆ ಬಿಡಿಸುವುದು ಹೇಗೆ ಎಂಬುದೇ ಆ ವಿಷಯ.

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹೊಳೆಯ ಮರಳು, ಉಪ್ಪು, ಕಬ್ಬಿಣದ ಪುಡಿ ಮತ್ತು ಕರ್ಪೂರದ ಪುಡಿಯನ್ನು ತಲಾ 10 ಗ್ರಾಂ ಬೆರೆಸಿ, ಬೇರ್ಪಡಿಸುವಂತೆ ಮಕ್ಕಳಿಗೆ ಹೇಳಿದ್ದೆ. ಅಯಸ್ಕಾಂತದಿಂದಲೇ ಏಕೆ ಆರಂಭಿಸಬೇಕು, ನೀರನ್ನೇ ಮೊದಲು ಹಾಕಿದರೆ ತಪ್ಪೇನು ಎಂದು ಒಬ್ಬಳು ಕೇಳಿದಳು. ಅದಕ್ಕಿಂತ ಕಠಿಣವಾದ ಪ್ರಶ್ನೆ ತಕ್ಕಡಿಯಿಂದ ಬಂತು: ಹಾಕಿದ್ದು 10 ಗ್ರಾಂ ಕಬ್ಬಿಣ, ಮರಳಿ ಸಿಕ್ಕಿದ್ದು 10 ಗ್ರಾಂಗಿಂತ ಹೆಚ್ಚು. ಇದು ಹೇಗೆ?
— ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಪಠ್ಯಪುಸ್ತಕದ ಪಟ್ಟಿಗಿಂತ ಮುಖ್ಯವಾದದ್ದು. ಸೋಸುವುದು, ಆವಿಯಾಗಿಸುವುದು, ಅಯಸ್ಕಾಂತ ಹಿಡಿಯುವುದು ಎಂದು ವಿಧಾನಗಳ ಹೆಸರನ್ನು ಬಾಯಿಪಾಠ ಮಾಡಿದ ಮಕ್ಕಳು, ಹೊಸ ಮಿಶ್ರಣವೊಂದು ಎದುರಾದಾಗ ಯಾವ ಹೆಸರನ್ನು ಬಳಸಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಯಾವ ವಿಧಾನ’ ಎಂಬುದಲ್ಲ, ‘ಇವು ಯಾವ ಗುಣದಲ್ಲಿ ಒಂದನ್ನೊಂದು ಹೋಲುವುದಿಲ್ಲ’ ಎಂಬುದು. ನಿಮ್ಮ ನಾಲ್ಕು ವಸ್ತುಗಳಲ್ಲಿ ಒಂದನ್ನು ಅಯಸ್ಕಾಂತ ಸೆಳೆಯುತ್ತದೆ, ಒಂದು ಬಿಸಿಗೆ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ, ಒಂದು ನೀರಿನಲ್ಲಿ ಕರಗುತ್ತದೆ, ಉಳಿದೊಂದು ಈ ಮೂರಕ್ಕೂ ಜಗ್ಗದೆ ಉಳಿಯುತ್ತದೆ. ಗುಣ ತಿಳಿದ ಮೇಲೆ ವಿಧಾನ ತಾನಾಗಿ ಹೊಳೆಯುತ್ತದೆ.

ನೀರನ್ನು ಮೊದಲು ಹಾಕಿದರೆ ಪ್ರಯೋಗ ಕೆಡುವುದಿಲ್ಲ, ಆದರೆ ಮುಂದಿನ ಹೆಜ್ಜೆಗಳು ಕಷ್ಟವಾಗುತ್ತವೆ. ಒದ್ದೆಯಾದ ಕಬ್ಬಿಣದ ಪುಡಿ ಮರಳಿಗೆ ಅಂಟಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ತುಕ್ಕು ಹಿಡಿಯತೊಡಗುತ್ತದೆ. ತುಕ್ಕು ಬೇರೆಯೇ ವಸ್ತು. ಅಲ್ಲಿಗೆ ನಾವು ಭೌತಗುಣದ ದಾರಿ ಬಿಟ್ಟು ರಾಸಾಯನಿಕ ಬದಲಾವಣೆಗೆ ಕಾಲಿಟ್ಟಂತೆ. ಕರ್ಪೂರವು ನೀರಿನಲ್ಲಿ ಕರಗುವುದು ತೀರಾ ಅಲ್ಪ. ಅದರ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ ಆಗಿರುವುದರಿಂದ ಅದು ಸ್ವಲ್ಪ ತೇಲಿ, ಸ್ವಲ್ಪ ಪಾತ್ರೆಯ ಅಂಚಿಗೆ ಹತ್ತಿ, ಸ್ವಲ್ಪ ಸೋಸು ಕಾಗದದಲ್ಲಿ ಮರಳಿನೊಂದಿಗೆ ಉಳಿಯುತ್ತದೆ. ಆದ್ದರಿಂದ ಒಣಗಿರುವಾಗ ಮಾಡಬಹುದಾದ ಕೆಲಸಗಳನ್ನೆಲ್ಲ ಮುಗಿಸಿ, ನೀರನ್ನು ಕೊನೆಗೆ ತರುವುದು ಒಳ್ಳೆಯದು. ಅಯಸ್ಕಾಂತವನ್ನು ತೆಳುವಾದ ಕಾಗದದಲ್ಲಿ ಸುತ್ತಿ ಬಳಸಿದರೆ, ಕಾಗದ ಬಿಚ್ಚಿದ ಕೂಡಲೇ ಪುಡಿ ತಾನೇ ಉದುರುತ್ತದೆ. ಕರ್ಪೂರದ ಆವಿಗೆ ಬೆಂಕಿ ತಗುಲುವುದರಿಂದ, ಬಟ್ಟಲನ್ನು ನೇರ ಜ್ವಾಲೆಯ ಮೇಲೆ ಇಡದೆ, ಒಲೆಯಿಂದ ಇಳಿಸಿದ ಬಿಸಿ ಮರಳಿನ ತಟ್ಟೆಯ ಮೇಲೆ ಇಟ್ಟು ಮೇಲೊಂದು ಆಲಿಕೆಯನ್ನು ಬೋರಲು ಹಾಕಿ. ಆಲಿಕೆಯ ತಣ್ಣನೆಯ ಒಳಮೈಗೆ ಕರ್ಪೂರ ಬಿಳಿಯಾಗಿ ಕೂರುತ್ತದೆ.

ಇನ್ನು ತಕ್ಕಡಿಯ ಒಗಟು. ಹೊಳೆಯ ಮರಳಿನಲ್ಲಿ ಬಿಳಿ, ಕಂದು ಕಣಗಳ ನಡುವೆ ಸಣ್ಣ ಕಪ್ಪು ಕಣಗಳಿರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಹಲವು ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತ ಸೆಳೆಯುವ ಕಬ್ಬಿಣದ ಆಕ್ಸೈಡ್. ಅಯಸ್ಕಾಂತಕ್ಕೆ ‘ಕಬ್ಬಿಣದ ಪುಡಿ’ ಎಂಬ ಹೆಸರು ಗೊತ್ತಿಲ್ಲ, ಸೆಳೆತಕ್ಕೆ ಸಿಗುವುದನ್ನೆಲ್ಲ ಅದು ಎತ್ತಿಕೊಳ್ಳುತ್ತದೆ. ಕಬ್ಬಿಣ ಬೆರೆಸದ ಮರಳಿನ ಮೇಲೆ ಅಯಸ್ಕಾಂತ ಆಡಿಸಿ ನೋಡಿದರೆ ಉತ್ತರ ಮಕ್ಕಳ ಕಣ್ಣಮುಂದೆಯೇ ಬರುತ್ತದೆ. ಇದೇ ಗುಣವನ್ನು ನಂಬಿ ಕುದುರೆಮುಖದಲ್ಲಿ ದೊಡ್ಡ ಉದ್ಯಮವೇ ನಡೆದಿತ್ತು. ಅಲ್ಲಿನ ಬಂಡೆಯಲ್ಲಿದ್ದ ಕಬ್ಬಿಣದ ಅಂಶ ಶೇಕಡಾ 40ಕ್ಕಿಂತ ಕಡಿಮೆ. ಅದನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕದಡಿ, ತಿರುಗುವ ಅಯಸ್ಕಾಂತದ ಉರುಳೆಗಳ ಮುಂದೆ ಹಾಯಿಸಿ, ಕಬ್ಬಿಣದ ಅಂಶ ಶೇಕಡಾ 65ನ್ನು ಮೀರುವ ಸಾರವನ್ನು ಪಡೆಯುತ್ತಿದ್ದರು. 2005ರ ಕೊನೆಯಲ್ಲಿ ಗಣಿ ನಿಂತಿತು. ಬೇರ್ಪಟ್ಟ ಹೂಳು ಮಾತ್ರ ಲಕ್ಯಾ ಅಣೆಕಟ್ಟೆಯ ಹಿಂದೆ ಇಂದಿಗೂ ನಿಂತಿದೆ. ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಬೇಡವಾದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತರಗತಿಯಲ್ಲಿ ದಯವಿಟ್ಟು ಚರ್ಚಿಸಿ.

ಪ್ರಶ್ನೆ: ಮನೆಯಲ್ಲಿ ಹಸು ಇದ್ದಾಗ ಕರೆದ ಹಾಲನ್ನು ಹಾಗೇ ಇಟ್ಟರೂ ಮೇಲೆ ಕೆನೆ ಕಟ್ಟುತ್ತಿತ್ತು. ಈಗ ಪ್ಯಾಕೆಟ್ ಹಾಲಿನಲ್ಲಿ ಅಷ್ಟು ಕೆನೆ ಏಕೆ ಬರುವುದಿಲ್ಲ? ಏನಾದರೂ ಬೆರೆಸುತ್ತಾರೆಯೇ?
— ಗೃಹಿಣಿ, ತುಮಕೂರು

ಉತ್ತರ: ಕೆನೆ ಕಡಿಮೆ ಎಂಬುದೊಂದರಿಂದಲೇ ಹಾಲು ಕಲಬೆರಕೆಯೆಂದು ತೀರ್ಮಾನಿಸಬೇಡಿ. ಹಾಲಿನ ಕೊಬ್ಬು ಸಣ್ಣ ಸಣ್ಣ ಗೋಲಿಗಳಾಗಿ ನೀರಿನಂಶದಲ್ಲಿ ತೇಲಾಡುತ್ತಿರುತ್ತದೆ. ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ, ಕೊಬ್ಬಿನ ಸಾಂದ್ರತೆ ಸುಮಾರು 0.93, ಉಳಿದ ಹಾಲಿನದು 1.03ಕ್ಕಿಂತ ತುಸು ಹೆಚ್ಚು. ಆದ್ದರಿಂದ ಗೋಲಿಗಳು ನಿಧಾನವಾಗಿ ಮೇಲೇರುತ್ತವೆ. ಏರುವ ವೇಗ ಗೋಲಿಯ ವ್ಯಾಸದ ವರ್ಗವನ್ನು ಅವಲಂಬಿಸಿದೆ: ವ್ಯಾಸ ನಾಲ್ಕನೆಯ ಒಂದು ಪಾಲಾದರೆ ವೇಗ ಹದಿನಾರನೆಯ ಒಂದು ಪಾಲಾಗುತ್ತದೆ. ಕೆಲವು ಬಗೆಯ ಹಾಲನ್ನು ಡೇರಿಯಲ್ಲಿ ಭಾರಿ ಒತ್ತಡದಿಂದ ಸೂಕ್ಷ್ಮ ಕಿಂಡಿಗಳ ಮೂಲಕ ನುಗ್ಗಿಸಿ ಈ ಗೋಲಿಗಳನ್ನು ಒಡೆದಿರುತ್ತಾರೆ. ಹಾಗೆ ಒಡೆದ ಹಾಲು ಕೆಡುವವರೆಗೂ ಕೆನೆ ಮೇಲೆ ಬರುವುದೇ ಇಲ್ಲ. ಇನ್ನೊಂದು ಕಾರಣ, ಟೋನ್ಡ್ ಹಾಲಿನಲ್ಲಿ ಕೊಬ್ಬೇ ಶೇಕಡಾ 3ರಷ್ಟು. ಹೆಚ್ಚುವರಿ ಕೆನೆಯನ್ನು ಹಾಲನ್ನು ರಭಸವಾಗಿ ತಿರುಗಿಸುವ ಯಂತ್ರದಿಂದ ಮೊದಲೇ ತೆಗೆದಿರುತ್ತಾರೆ. ಬಿಡುವಿಲ್ಲದೆ ಕೆಲಸ ಮಾಡುವ ಅಂಥ ಯಂತ್ರವನ್ನು ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ರೂಪಿಸಿದ. ಪಾತ್ರೆಯಲ್ಲಿ ರಾತ್ರಿಯಿಡೀ ನಡೆಯುವ ಕೆಲಸವನ್ನು ಅದು ಕ್ಷಣಗಳಲ್ಲಿ ಮುಗಿಸುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಕೋಲಾರದ ಚಿನ್ನದ ಗಣಿಯ ಹತ್ತಿರದ ಹಳ್ಳಿಯವರು. ಗಣಿ ಬರುವ ಎಷ್ಟೋ ಹಿಂದೆ ಅಲ್ಲಿಯವರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ಬರಿಯ ನೀರಿನಿಂದ ಇದು ಸಾಧ್ಯವೇ? ಸಾಧ್ಯವಾದರೆ ಗಣಿಯವರು ಸೈನೈಡ್ ಏಕೆ ಬಳಸಿದರು?
— ಓದುಗರು, ಬಂಗಾರಪೇಟೆ

ಉತ್ತರ: ನಿಮ್ಮ ಅಜ್ಜಿ ಹೇಳಿದ್ದು ನಿಜ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದಿದ್ದ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿ, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಲಿನ ಜನ ಮಣ್ಣು ತೊಳೆದು ಚಿನ್ನ ಪಡೆಯುವುದನ್ನು ನೋಡಿ ದಾಖಲಿಸಿದ್ದಾನೆ. ಈ ಕೆಲಸ ಮಾಡುವವರನ್ನು ನಮ್ಮ ಭಾಷೆ ‘ಜಲಗಾರ’ ಎಂದು ಕರೆದಿದೆ. ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆದು ಚಿನ್ನದ ಚೂರು ಹುಡುಕುವವರಿಗೂ ಅದೇ ಹೆಸರು. ಅಡುಗೆಮನೆಯಲ್ಲಿ ಅಕ್ಕಿಯಿಂದ ಕಲ್ಲು ಬಿಡಿಸಲು ನಾವು ಅಕ್ಕಿಯನ್ನು ‘ಜಾಲಿಸುತ್ತೇವೆ’. ಚಿನ್ನ ತೊಳೆಯುವುದಕ್ಕೂ ಅಕ್ಕಿ ಜಾಲಿಸುವುದಕ್ಕೂ ಆಧಾರವಾದ ಗುಣ ಒಂದೇ, ಅದು ಸಾಂದ್ರತೆ.

ಅಕ್ಕಿಯಿಂದಲೇ ಆರಂಭಿಸೋಣ. ಅಕ್ಕಿಕಾಳಿನ ಸಾಂದ್ರತೆ ಸುಮಾರು 1.45, ಬಿಳಿಗಲ್ಲಿನದು 2.65. ಗಾಳಿಯಲ್ಲಿ ಕಲ್ಲು ಅಷ್ಟೇ ಗಾತ್ರದ ಅಕ್ಕಿಗಿಂತ 1.8 ಪಟ್ಟು ಮಾತ್ರ ಭಾರ. ನೀರಿನಲ್ಲಿ ಮುಳುಗಿಸಿದಾಗ ಎರಡೂ ತಮ್ಮ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುತ್ತವೆ. ಅಕ್ಕಿಗೆ ಉಳಿಯುವುದು 0.45, ಕಲ್ಲಿಗೆ 1.65, ಅಂದರೆ ವ್ಯತ್ಯಾಸ ಮೂರೂವರೆ ಪಟ್ಟನ್ನು ಮೀರುತ್ತದೆ. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿಹೋದರೂ ಕೈಗೆ ಸಿಗದ ಕಲ್ಲು, ನೀರಿನಲ್ಲಿ ಜಾಲಿಸಿದಾಗ ತಳದಲ್ಲಿ ಸಿಗುವುದಕ್ಕೆ ಇದೇ ಕಾರಣ. ಇರುವ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುವ ಸ್ಥಳದಲ್ಲಿ ಮಿಶ್ರಣವನ್ನು ಇಡುವುದೇ ಈ ವಿದ್ಯೆಯ ಜೀವಾಳ. ಅದನ್ನು ಸಾಂದ್ರತೆಯ ಕೋಷ್ಟಕವಿಲ್ಲದೆ ಕಂಡುಕೊಂಡವರ ಬಗ್ಗೆ ನನಗೆ ತುಂಬು ಗೌರವವಿದೆ.

ಚಿನ್ನದ ಸಾಂದ್ರತೆ 19.3. ನೀರಿನಲ್ಲಿ ಅದಕ್ಕೆ ಉಳಿಯುವುದು 18.3, ಬಿಳಿಗಲ್ಲಿನ ಮರಳಿನ 1.65ರ ಎದುರು ಇದು ಹನ್ನೊಂದು ಪಟ್ಟು. ಮರದ ಮರಿಗೆಯಲ್ಲಿ ಮಣ್ಣು ಮತ್ತು ನೀರು ಹಾಕಿ, ತಿರುಗಿಸುತ್ತ ತುಳುಕಿಸಿದರೆ ಮರಳು ನೀರಿನೊಂದಿಗೆ ಅಂಚು ದಾಟಿ ಹೋಗುತ್ತದೆ, ಚಿನ್ನ ತಳದಲ್ಲಿ ಕೂರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಕಣಗಳು ನೀರಿನಲ್ಲಿ ಇಳಿಯುವ ವೇಗಕ್ಕೆ ಸಾಂದ್ರತೆಯಷ್ಟೇ ಅಲ್ಲ, ಹಾಲಿನ ಉತ್ತರದಲ್ಲಿ ಹೇಳಿದಂತೆ, ವ್ಯಾಸದ ವರ್ಗವೂ ಕಾರಣ. ಹನ್ನೊಂದರ ವರ್ಗಮೂಲ ಸುಮಾರು 3.3. ಹಾಗಾಗಿ ಚಿನ್ನದ ಒಂದು ಕಣ ಮತ್ತು ಅದಕ್ಕಿಂತ 3.3 ಪಟ್ಟು ದಪ್ಪನೆಯ ಮರಳಿನ ಕಣ ಒಂದೇ ವೇಗದಲ್ಲಿ ಇಳಿಯುತ್ತವೆ. ನೀರು ಅವೆರಡರ ನಡುವೆ ಭೇದ ಎಣಿಸುವುದಿಲ್ಲ. ತೊಳೆಯುವ ಮೊದಲು ಜರಡಿ ಹಿಡಿದು ದಪ್ಪ ಕಣಗಳನ್ನು ತೆಗೆಯಬೇಕಾದದ್ದು ಇದಕ್ಕಾಗಿ. ಜರಡಿ ಗಾತ್ರವನ್ನು ಸಮ ಮಾಡಿದರೆ ಮಾತ್ರ ನೀರು ಸಾಂದ್ರತೆಯನ್ನು ಅಳೆಯಬಲ್ಲದು.

ಸೈನೈಡಿನ ಅಗತ್ಯ ಬಂದದ್ದೂ ಇಲ್ಲಿಂದಲೇ. ಬಂಡೆಯನ್ನು ಅರೆದಾಗ ಚಿನ್ನದ ಒಂದು ಪಾಲು ಎಷ್ಟು ನುಣ್ಣಗಿರುತ್ತದೆಂದರೆ, ಹನ್ನೊಂದು ಪಟ್ಟು ಭಾರವಿದ್ದೂ ಅದು ತಳಕ್ಕೆ ಇಳಿಯದೆ ಕೆಸರಿನೊಂದಿಗೆ ತೇಲಿಹೋಗುತ್ತದೆ. ಇನ್ನೊಂದು ಪಾಲು ಬೇರೆ ಖನಿಜದ ಒಡಲಿನೊಳಗೇ ಸಿಕ್ಕಿಕೊಂಡಿರುತ್ತದೆ. ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ ಇರುವಾಗ ಹೀಗೆ ತಪ್ಪಿಸಿಕೊಳ್ಳುವ ಪಾಲು ಸಣ್ಣ ನಷ್ಟವಲ್ಲ. ಮೊದಲು ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಕೆಸರನ್ನು ಹರಿಸಿ ಚಿನ್ನ ಹಿಡಿದರು. ಪಾದರಸ 357 ಡಿಗ್ರಿಯಲ್ಲಿ ಕುದಿದು ಹೋಗುವುದರಿಂದ ಕಾಯಿಸಿದರೆ ಚಿನ್ನ ಉಳಿಯುತ್ತಿತ್ತು, ಆ ವಿಷದ ಆವಿ ಕೆಲಸಗಾರರ ಪಾಲಿಗೆ ಬರುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ವಿಧಾನ ಕಂಡುಹಿಡಿದರು. ತಿಳಿಯಾದ ಸೈನೈಡ್ ದ್ರಾವಣ, ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಸತುವು ಹಾಕಿ ಚಿನ್ನವನ್ನು ಮರಳಿ ಪಡೆಯುತ್ತಾರೆ. ಸಕ್ಕರೆ ನೀರಿನಲ್ಲಿ ಕರಗುವಂತಹ ಕರಗುವಿಕೆ ಇದಲ್ಲ. ಚಿನ್ನ ಇಲ್ಲಿ ಬೇರೆ ಸಂಯುಕ್ತವೇ ಆಗುತ್ತದೆ, ಆದ್ದರಿಂದ ಇದನ್ನು ಭೌತಗುಣದ ಬೇರ್ಪಡಿಕೆ ಎನ್ನಲಾಗದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಿಮ್ಮ ಕಡೆ ಸೈನೈಡ್ ದಿಬ್ಬವೆಂದು ಕರೆಯುವ ಬೂದು ಗುಡ್ಡಗಳು, ಚಿನ್ನ ಬಿಟ್ಟುಕೊಟ್ಟ ಆ ಬಂಡೆಯ ಹಿಟ್ಟೇ. ಗಾಳಿಯ ದಿನಗಳಲ್ಲಿ ಅದು ಮನೆಗಳೊಳಗೆ ಬರುವ ಕಷ್ಟ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ಸಮುದ್ರದ ನೀರನ್ನು ಪಾತ್ರೆಯಲ್ಲಿ ಪೂರ್ತಿ ಇಂಗಿಸಿದಾಗ ಸಿಕ್ಕ ಉಪ್ಪು ಕಹಿಯಾಗಿತ್ತು, ಮಾರನೆಯ ದಿನಕ್ಕೆ ಒದ್ದೆಯೂ ಆಗಿತ್ತು. ಸಾಣಿಕಟ್ಟೆಯ ಆಗರದಲ್ಲೂ ಅದೇ ಉಪ್ಪುನೀರು, ಬಿಸಿಲಿನಲ್ಲಿ ಇಂಗುವುದೂ ಅದೇ. ಅಲ್ಲಿನ ಉಪ್ಪು ಹೀಗೇಕಿಲ್ಲ?
— ಪದವಿ ವಿದ್ಯಾರ್ಥಿ, ಕುಮಟಾ

ಉತ್ತರ: ನೀವು ನೀರನ್ನು ಉಪ್ಪಿನಿಂದ ಬೇರ್ಪಡಿಸಿದಿರಿ, ಆಗರದವರು ಉಪ್ಪನ್ನು ಉಪ್ಪುಗಳಿಂದ ಬೇರ್ಪಡಿಸುತ್ತಾರೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ನಾವು ತಿನ್ನುವ ಸೋಡಿಯಂ ಕ್ಲೋರೈಡ್ ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು. ಉಳಿದದ್ದರಲ್ಲಿ ಮೆಗ್ನೀಸಿಯಂ ಲವಣಗಳು ಮುಖ್ಯ, ಜೊತೆಗೆ ಜಿಪ್ಸಮ್ ಮತ್ತು ಪೊಟ್ಯಾಸಿಯಂ ಲವಣಗಳಿವೆ. ಕಹಿಗೆ ಕಾರಣ ಮೆಗ್ನೀಸಿಯಂ. ಅದರ ಕ್ಲೋರೈಡ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಉಪ್ಪು ಒದ್ದೆಯಾಯಿತು.

ಈ ಲವಣಗಳು ಕರಗುವ ಪ್ರಮಾಣ ಬೇರೆ ಬೇರೆ, ಆದ್ದರಿಂದ ನೀರು ಇಂಗಿದಂತೆ ಅವು ಒಂದಾದ ಮೇಲೊಂದು ಹರಳಾಗುತ್ತವೆ. ಮೊದಲು ಸ್ವಲ್ಪ ಸುಣ್ಣದ ಅಂಶ, ಆಮೇಲೆ ಜಿಪ್ಸಮ್ ತಳಕ್ಕೆ ಕೂರುತ್ತದೆ. ನೀರು ಹತ್ತನೆಯ ಒಂದು ಪಾಲಿಗೆ ಇಳಿದು, ಅದರ ಸಾಂದ್ರತೆ ಸುಮಾರು 1.21 ಆದಾಗ ಉಪ್ಪು ಹರಳುಗಟ್ಟಲು ತೊಡಗುತ್ತದೆ. ಸಾಂದ್ರತೆ 1.25ರ ಆಸುಪಾಸಿಗೆ ಏರುವಾಗ ಉಪ್ಪಿನ ಬಹುಭಾಗ ಹರಳಾಗಿ, ಮೆಗ್ನೀಸಿಯಂ ಇನ್ನೂ ದ್ರಾವಣದಲ್ಲೇ ಇರುತ್ತದೆ. ಆಗರದ ಮಡಿಗಳು ಒಂದರಿಂದ ಒಂದಕ್ಕೆ ನೀರು ಹರಿಸುವಂತೆ ಇರುವುದು ಈ ಕಾರಣಕ್ಕೆ: ಜಿಪ್ಸಮ್ ಹಿಂದಿನ ಮಡಿಗಳಲ್ಲಿ ಉಳಿಯುತ್ತದೆ, ಕೊನೆಯ ಮಡಿಯಲ್ಲಿ ಉಪ್ಪನ್ನು ಎಳೆದು ರಾಶಿ ಹಾಕಿ, ಕಹಿನೀರನ್ನು ಹೊರಗೆ ಬಿಡುತ್ತಾರೆ. ರಾಶಿಯಿಂದ ಸೋರುವ ನೀರಿನೊಂದಿಗೆ ಅಂಟಿಕೊಂಡಿದ್ದ ಮೆಗ್ನೀಸಿಯಂ ಕೂಡ ಇಳಿದುಹೋಗುತ್ತದೆ. ಎಲ್ಲಿ ಆರಂಭಿಸಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದು ಇಲ್ಲಿ ದೊಡ್ಡ ಜಾಣ್ಮೆ.

ನೀವೂ ಇದನ್ನು ಮಾಡಿ ನೋಡಬಹುದು. 5 ಲೀಟರ್ ಸಮುದ್ರದ ನೀರನ್ನು ಬಟ್ಟೆಯಲ್ಲಿ ಸೋಸಿ, ಸುಮಾರು 600 ಮಿಲಿಲೀಟರಿಗೆ ಇಳಿಯುವವರೆಗೆ ಕುದಿಸಿ. ಈ ಹಂತದಲ್ಲಿ ತಳದ ಬಿಳಿ ಪುಡಿಯನ್ನು ಸೋಸಿ ತೆಗೆಯಿರಿ. ತಿಳಿಯನ್ನು ಮತ್ತೆ ಕಾಯಿಸಿ, ಸುಮಾರು 170 ಮಿಲಿಲೀಟರ್ ಉಳಿದಾಗ ಒಲೆ ಆರಿಸಿ, ಮೇಲಿನ ನೀರನ್ನು ಬಸಿದುಬಿಡಿ. ಸಿಕ್ಕ ಹರಳನ್ನು ಬರಿಯ ನೀರಿನಿಂದ ತೊಳೆದರೆ ಉಪ್ಪೂ ಕರಗಿಹೋಗುತ್ತದೆ. ಇನ್ನಷ್ಟು ಉಪ್ಪು ಕರಗದಷ್ಟು ಗಟ್ಟಿಯಾದ ಉಪ್ಪುನೀರಿನಿಂದ ತೊಳೆಯಿರಿ; ಆ ನೀರಿನಲ್ಲಿ ಉಪ್ಪಿಗೆ ಜಾಗವಿಲ್ಲ, ಮೆಗ್ನೀಸಿಯಂಗೆ ಇದೆ. ಕರಾವಳಿಯ ನೀರಿನಲ್ಲಿ ಬೇರೆ ಕೊಳೆಯೂ ಇರುವುದರಿಂದ ಈ ಉಪ್ಪನ್ನು ಅಡುಗೆಗೆ ಬಳಸಬೇಡಿ.

ಪ್ರಶ್ನೆ: ಗಂಧದೆಣ್ಣೆ ಕುದಿಯಲು 300 ಡಿಗ್ರಿಯಷ್ಟು ಶಾಖ ಬೇಕೆಂದು ಓದಿದೆ. ಹಾಗಿದ್ದರೆ ಬರಿಯ ಹಬೆಯಿಂದ ಅದನ್ನು ಭಟ್ಟಿ ಇಳಿಸುವುದು ಹೇಗೆ ಸಾಧ್ಯ?
— ನಿವೃತ್ತ ನೌಕರರು, ಮೈಸೂರು

ಉತ್ತರ: ದ್ರವವೊಂದು ಕುದಿಯುವುದೆಂದರೆ ಅದರ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುವುದು. ಒಂದರೊಳಗೊಂದು ಬೆರೆಯದ ಎರಡು ದ್ರವಗಳು ಒಟ್ಟಿಗಿದ್ದಾಗ, ಪ್ರತಿಯೊಂದೂ ಇನ್ನೊಂದು ಇಲ್ಲವೇ ಇಲ್ಲವೆಂಬಂತೆ ತನ್ನ ಪಾಲಿನ ಆವಿಯನ್ನು ಕೊಡುತ್ತದೆ, ಮತ್ತು ಎರಡರ ಒತ್ತಡಗಳೂ ಕೂಡಿಕೊಳ್ಳುತ್ತವೆ. ನೀರು ಮತ್ತು ಗಂಧದೆಣ್ಣೆ ಹಾಗೆ ಬೆರೆಯದ ಜೋಡಿ. ಮೊತ್ತ ಗಾಳಿಯ ಒತ್ತಡವನ್ನು ಮುಟ್ಟಲು ಎಣ್ಣೆ ಕೊಡಬೇಕಾದದ್ದು ಅತಿ ಸಣ್ಣ ಪಾಲು, ಉಳಿದದ್ದನ್ನೆಲ್ಲ ನೀರೇ ಒದಗಿಸುತ್ತದೆ. ಆದ್ದರಿಂದ ನೀರು ಕುದಿಯುವ ಶಾಖಕ್ಕಿಂತ ಒಂದಿಷ್ಟು ಕೆಳಗೇ ಎಣ್ಣೆಯ ಆವಿಯೂ ಹೊರಬರುತ್ತದೆ, ಎಣ್ಣೆಗೆ ಪರಿಮಳ ಕೊಡುವ ಸ್ಯಾಂಟಲಾಲ್ ಎಂಬ ಅಂಶ ಸುಟ್ಟು ಕೆಡುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ ಸಮಯ. ಎಣ್ಣೆಯ ಪಾಲು ಅಷ್ಟು ಸಣ್ಣದಾದ್ದರಿಂದ ಅಪಾರ ಹಬೆಯನ್ನು ದಿನಗಟ್ಟಲೆ ಹಾಯಿಸಬೇಕಾಗುತ್ತದೆ. ಮರದ ಚೇಗನ್ನು ಮತ್ತು ಬೇರನ್ನು ಪುಡಿ ಮಾಡಿ ಹಾಕುವುದು ಹಬೆಗೆ ಹೆಚ್ಚು ಮೈ ಸಿಗಲೆಂದು.

ತಣಿಸಿದ ಮೇಲೆ ಎರಡನೆಯ ಬೇರ್ಪಡಿಕೆ ಇದೆ. ಗಂಧದೆಣ್ಣೆಯ ಸಾಂದ್ರತೆ ಸುಮಾರು 0.97, ನೀರಿಗಿಂತ ತುಸುವೇ ಹಗುರ. ತೆಂಗಿನೆಣ್ಣೆಯಂತೆ ಅದು ಥಟ್ಟನೆ ಮೇಲೆ ಬಾರದು, ನಿಧಾನವಾಗಿ ತೇಲಿ ನಿಲ್ಲಲು ಬಿಡಬೇಕು. ನಿಮ್ಮೂರಿನ ಕಾರ್ಖಾನೆ 1916ರಲ್ಲಿ ಆರಂಭವಾದಾಗ ಮೊದಲ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರದ ಸಾಗಣೆ ನಿಂತುಹೋಗಿತ್ತು. ಮರವನ್ನು ಕಳಿಸುವ ಬದಲು ಎಣ್ಣೆಯನ್ನೇ ಇಲ್ಲಿ ತೆಗೆಯುವ ಆ ಪ್ರಯತ್ನಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ನೆರವಾದರು.

ಪ್ರಶ್ನೆ: ಬಿತ್ತನೆಯ ಬತ್ತವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೆಗೆಯಿರಿ ಎನ್ನುತ್ತಾರೆ. ಬರಿಯ ನೀರು ಸಾಲದೇ? ಎಷ್ಟು ಉಪ್ಪು ಹಾಕಬೇಕು?
— ರೈತರು, ಗಂಗಾವತಿ

ಉತ್ತರ: ಬರಿಯ ನೀರಿನಲ್ಲಿ ಪೂರ್ತಿ ಜೊಳ್ಳಾದದ್ದು ಮಾತ್ರ ತೇಲುತ್ತದೆ. ಅರೆಬರೆ ತುಂಬಿದ ಕಾಳು ನೀರಿಗಿಂತ ಸ್ವಲ್ಪ ಭಾರವಾಗಿರುವುದರಿಂದ ಗಟ್ಟಿಕಾಳಿನ ಜೊತೆಗೇ ಮುಳುಗುತ್ತದೆ, ಮತ್ತು ಮಡಿಯಲ್ಲಿ ಬಡಕಲು ಸಸಿ ಕೊಡುವುದು ಆ ಕಾಳೇ. ಉಪ್ಪು ಹಾಕಿ ನೀರಿನ ಸಾಂದ್ರತೆಯನ್ನು ಏರಿಸಿದರೆ ಗಟ್ಟಿಕಾಳಿಗೂ ಅರೆಗಾಳಿಗೂ ನಡುವೆ ಗೆರೆ ಎಳೆದಂತಾಗುತ್ತದೆ. ಅಳತೆಗೆ ಒಂದು ತಾಜಾ ಕೋಳಿಮೊಟ್ಟೆ ಸಾಕು. ಬಕೆಟ್ಟಿನ ನೀರಿನ ತಳಕ್ಕೆ ಮೊಟ್ಟೆಯನ್ನು ಬಿಟ್ಟು, ಅದು ಎದ್ದು ತೇಲಿ, ನಾಣ್ಯದಗಲದಷ್ಟು ಮೈ ನೀರಿನ ಮೇಲೆ ಕಾಣುವವರೆಗೆ ಉಪ್ಪು ಕದಡುತ್ತ ಹೋಗಿ. ಹಳೆಯ ಮೊಟ್ಟೆ ಬೇಡ; ಒಳಗಿನ ಗಾಳಿಗೂಡು ದೊಡ್ಡದಾಗಿರುವುದರಿಂದ ಅದು ಬೇಗನೆ ತೇಲಿ ಲೆಕ್ಕ ತಪ್ಪಿಸುತ್ತದೆ. ಬತ್ತವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೈಯಾಡಿಸಿ, ತೇಲಿದ್ದನ್ನು ಜಾಳಿಗೆಯಿಂದ ತೆಗೆಯಿರಿ. ಕಾಳುಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಒಳ್ಳೆಯ ಕಾಳೂ ತೇಲಬಹುದಾದ್ದರಿಂದ ಕೈಯಾಡಿಸುವುದನ್ನು ಮರೆಯಬೇಡಿ. ಮುಳುಗಿದ ಬೀಜವನ್ನು ಕೂಡಲೇ ಹೊರತೆಗೆದು, ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ಚೆನ್ನಾಗಿ ತೊಳೆಯಿರಿ. ಉಪ್ಪಿನ ಅಂಶ ಉಳಿದರೆ ಮೊಳಕೆ ಕುಗ್ಗುತ್ತದೆ.